ಅಗಸಿ, ಅಗಳಿ, ಕೀಲಿ: ಸೊಲ್ಲಾಪುರ ಸೀಮೆಯ ಬಾಗಿಲುಗಳ ಕತೆ

ಬೇಸಿಗೆ ರಜೆ ಮುಗಿಸಿ ಊರಿನಿಂದ ಬಂದ ದಿನ ನಮ್ಮ ಓಣಿಯ ಒಂದು ಮನೆ ಮುಂದೆ ಜನ ಸೇರಿದ್ದರು. ಮನೆಯವರು ಮದುವೆಗೆಂದು ಇಂಡಿ ಕಡೆ ಹೋಗಿದ್ದರಂತೆ. ತಿರುಗಿ ಬಂದು ನೋಡಿದರೆ ಬಾಗಿಲು ಹಾರು ಹೊಡೆದಿದೆ, ತಿಜೋರಿ ಖಾಲಿ. ವಿಚಿತ್ರವೆಂದರೆ ಕೀಲಿಗೆ ಏನೂ ಆಗಿರಲಿಲ್ಲ. ದುಡ್ಡು ಕೊಟ್ಟು ತಂದ ದಪ್ಪನೆಯ ಹಿತ್ತಾಳೆ ಕೀಲಿ ಕೊಂಡಿಗೆ ಗಟ್ಟಿಯಾಗಿ ಜೋತುಬಿದ್ದಿತ್ತು. ಕೊಂಡಿಯೇ ಸ್ಕ್ರೂ ಸಮೇತ ಚೌಕಟ್ಟಿನಿಂದ ಕಿತ್ತು ಬಂದಿತ್ತು.

"ಕುಲಪ ಏನ್ ಮಾಡ್ತದ್ರಿ ಸರ, ಕಟಗೀನೇ ಪೊಳ್ಳ ಇದ್ರ?" ಎಂದರು ಪಕ್ಕದ ಮನೆಯ ಹಿರಿಯರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಗುಂಪಿನಲ್ಲಿದ್ದ ಇನ್ನೊಬ್ಬರು, "ಮತ್ಯಾರ ಮಾಡ್ತಾರ? ಆ ಸೆಟ್ಲಮೆಂಟ ಕಡೀ ಮಂದೀದೇ ಕೆಲಸ" ಎಂದುಬಿಟ್ಟರು. ಯಾರೂ ಅದಕ್ಕೆ ಎದುರಾಡಲಿಲ್ಲ. ನಾನೂ ಆಡಲಿಲ್ಲ. ನನ್ನ ಪಕ್ಕದಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿಂತಿದ್ದ. ಅವನ ಮನೆ ಇರುವುದು ಅದೇ ಸೆಟ್ಲಮೆಂಟಿನಲ್ಲಿ. ಅವನು ಸುಮ್ಮನೆ ಸೈಕಲ್ ತಿರುಗಿಸಿಕೊಂಡು ಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. ಮನೆ, ಬಾಗಿಲು, ಕೀಲಿ, ಕಳ್ಳ ಈ ನಾಲ್ಕು ಮಾತುಗಳ ಹಿಂದೆ ನಮ್ಮ ಸೀಮೆಯಲ್ಲಿ ಎಷ್ಟೊಂದು ಇತಿಹಾಸವಿದೆ ಎಂದು ಯೋಚಿಸುತ್ತ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಬ್ದಗಳಿಂದಲೇ ಶುರು ಮಾಡೋಣ. ಬೆಂಗಳೂರು, ಮೈಸೂರಿನವರು 'ಬೀಗ' ಎನ್ನುತ್ತಾರೆ. ವಿಜಾಪುರ, ಕಲಬುರಗಿ ಕಡೆ 'ಕೀಲಿ', ಅದನ್ನು ತೆಗೆಯುವುದು 'ಕೀಲಿಕೈ'. ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ನಾವು ಕೀಲಿಯನ್ನೂ ಬಲ್ಲೆವು, 'ಕುಲಪ'ವನ್ನೂ ಬಲ್ಲೆವು. ಕುಲಪ ಮರಾಠಿಯ ಕುಲೂಪ. ಅದರ ಮೂಲ ಅರಬ್ಬಿಯ ಕುಫ್ಲ್. ಕೀಲಿಯ ಮೂಲ ಸಂಸ್ಕೃತದ ಕೀಲ, ಅಂದರೆ ಗೂಟ, ಮೊಳೆ. ಬಾಗಿಲ ಹಿಂದೆ ಅಡ್ಡ ಹಾಕುವ ಮರದ ತುಂಡು 'ಅಗಳಿ'. ಅದು ಸಂಸ್ಕೃತದ ಅರ್ಗಲದಿಂದ ಬಂದದ್ದು. ಒಂದೇ ಬಾಗಿಲ ಮುಂದೆ ನಿಂತರೂ ಮೂರು ಭಾಷೆಗಳು ಸಿಗುತ್ತವೆ, ಗಡಿ ಊರಿನ ಪರಿಯೇ ಅದು.

ಈಗ ಅಗಳಿಯನ್ನೇ ಸ್ವಲ್ಪ ಗಮನಿಸಿ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ವಾಡೆಗಳಿಗೆ ಹೋದರೆ ದೊಡ್ಡ ತಲಬಾಗಿಲು ಕಾಣುತ್ತದೆ. ಎರಡು ಕದ, ಒಂದು ಕದದಲ್ಲಿ ಬಗ್ಗಿ ಹೋಗುವಷ್ಟು ಸಣ್ಣ ದಿಂಡಿ ಬಾಗಿಲು. ಒಳಗೆ ಗೋಡೆಯಲ್ಲಿ ಆಳವಾದ ತೂತು. ಹಗಲಿನಲ್ಲಿ ಅಗಳಿ ಆ ತೂತಿನೊಳಗೆ ಕೂತಿರುತ್ತದೆ. ರಾತ್ರಿ ಅದನ್ನು ಎಳೆದು ಎರಡೂ ಕದಗಳ ಹಿಂದೆ ಅಡ್ಡ ಹಾಕಿ ಎದುರು ಗೋಡೆಯ ಗೂಡಿಗೆ ಸಿಕ್ಕಿಸಿದರೆ ಮುಗಿಯಿತು. ಹೊರಗಿನಿಂದ ಎಷ್ಟು ಗುದ್ದಿದರೂ ಭಾರವೆಲ್ಲ ಗೋಡೆಯ ಮೇಲೆ ಬೀಳುತ್ತದೆ, ಕದದ ಮೇಲಲ್ಲ. ಬರೇ ಮೊಳೆಯ ಮೇಲಂತೂ ಅಲ್ಲವೇ ಅಲ್ಲ. ನಮ್ಮ ಓಣಿಯ ಹಿತ್ತಾಳೆ ಕೀಲಿ ಸೋತದ್ದು ಇಲ್ಲೇ. ಅದರ ಭಾರವೆಲ್ಲ ಇದ್ದದ್ದು ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ.

ಆದರೆ ಅಗಳಿಗೆ ಒಂದು ಮಿತಿ ಇದೆ. ಅದನ್ನು ಒಳಗಿನಿಂದ ಮಾತ್ರ ಹಾಕಬಹುದು. ಅಂದರೆ ಮನೆಯಲ್ಲಿ ಯಾವಾಗಲೂ ಒಬ್ಬರು ಇರಲೇಬೇಕು. ಪಡಸಾಲೆಯಲ್ಲಿ ಕೂತ ಅಜ್ಜ, ಬೀಸುವ ಕಲ್ಲಿನ ಮುಂದಿನ ಅಜ್ಜಿ, ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರು. ಖಾಲಿ ಮನೆ ಎಂಬುದನ್ನು ಕಲ್ಪಿಸಿಕೊಳ್ಳದ ಕಾಲದ ಸಾಧನ ಅದು.

ಊರಿಗೂ ಅಂಥದೇ ಬಾಗಿಲು ಇತ್ತು. ಅದೇ ಅಗಸಿ. ಮರಾಠಿಯಲ್ಲಿ ವೇಸ್. ಊರ ಸುತ್ತ ಗೋಡೆ, ಗೋಡೆಗೆ ಅಗಸಿ, ಪಾಟೀಲನ ವಾಡೆಯ ಹತ್ತಿರ ಎತ್ತರದ ಹುಡೆ. ರಾತ್ರಿ ಅಗಸಿ ಮುಚ್ಚಿದರೆ ಇಡೀ ಊರೇ ಒಂದು ಮನೆ. ಸೊಲ್ಲಾಪುರ ಪಟ್ಟಣದ ಅಗಸಿಗಳು ಇಂದು ಕಾಣುವುದಿಲ್ಲ, ಆದರೆ ಹೆಸರು ಉಳಿದಿದೆ. ವಿಜಾಪುರ ವೇಸ್, ತುಳಜಾಪುರ ವೇಸ್, ಬಾಳೀವೇಸ್. ದಿನಾ ರಿಕ್ಷಾದವರಿಗೆ ಈ ಹೆಸರು ಹೇಳುತ್ತೇವೆ. ಒಂದು ಕಾಲದಲ್ಲಿ ಅಲ್ಲಿ ಬಾಗಿಲು ಇತ್ತೆಂಬುದು ನೆನಪಾಗುವುದಿಲ್ಲ.

ಬಾಗಿಲು ಮುಚ್ಚಿದರೆ ಸಾಲದು, ಕಾಯುವವರು ಬೇಕು. ನಮ್ಮ ಕಡೆ ತಳವಾರ, ವಾಲೀಕಾರ; ಮರಾಠಿ ಹಳ್ಳಿಗಳಲ್ಲಿ ಮಹಾರ, ರಾಮೋಶಿ. ಪೇಶವೆಯರ ರಾಜ್ಯ ಕಂಪನಿಯ ಕೈಸೇರಿದ ಮೇಲೆ ಎಲ್ಫಿನ್‌ಸ್ಟನ್ ಸಾಹೇಬ 1819ರಲ್ಲಿ ಒಂದು ವರದಿ ಬರೆದ. ಹಳ್ಳಿಯ ಕಾವಲು ಹೇಗೆ ನಡೆಯುತ್ತಿತ್ತೆಂದು ಅದರಲ್ಲಿ ವಿವರಿಸಿದ್ದಾನೆ. ಕಳವಾದರೆ ಕಾವಲುಗಾರ ಹೆಜ್ಜೆ ಗುರುತು ಹಿಡಿದು ಹೊರಡಬೇಕು. ಹೆಜ್ಜೆ ಮುಂದಿನ ಊರಿನ ಸೀಮೆಗೆ ಹೋದರೆ ಆ ಊರಿನವರಿಗೆ ತೋರಿಸಿ ಕೊಟ್ಟು ಬರಬೇಕು. ಅಲ್ಲಿಂದ ಮುಂದೆ ಹೊಣೆ ಆ ಊರಿನದು. ಕಳವು ಎಂಬುದು ಒಂದು ಮನೆಯ ತೊಂದರೆ ಆಗಿರಲಿಲ್ಲ, ಊರಿನ ಲೆಕ್ಕಕ್ಕೆ ಬರುವ ವಿಷಯವಾಗಿತ್ತು. ಇದನ್ನು ಓದಿ ಆ ಕಾಲವೇ ಚೆನ್ನಾಗಿತ್ತು ಎನ್ನಬೇಡಿ. ಊರು ಕಾಯುವವರಲ್ಲಿ ಎಷ್ಟೋ ಜನರ ಮನೆ ಇದ್ದದ್ದು ಊರಗೋಡೆಯ ಹೊರಗೆ. ಅಗಸಿ ಮುಚ್ಚಿದ ಮೇಲೆ ಅವರ ಬಾಗಿಲನ್ನು ಕಾಯುವವರು ಯಾರೂ ಇರಲಿಲ್ಲ.

ಇನ್ನು ಸೊಲ್ಲಾಪುರದ ಭುಯಿಕೋಟೆ. ಸಿದ್ಧರಾಮೇಶ್ವರರ ಕೆರೆಯ ದಂಡೆಯಲ್ಲಿ, ಸುತ್ತ ಕಂದಕ ತೋಡಿ ಬಹಮನಿ ಕಾಲದಲ್ಲಿ ಕಟ್ಟಿದ್ದು. ದಖ್ಖನಿನ ಕೋಟೆ ಬಾಗಿಲುಗಳ ಮೇಲೆ ಕಬ್ಬಿಣದ ಮುಳ್ಳು ಜಡಿದಿರುವುದನ್ನು ನೀವು ನೋಡಿರಬಹುದು. ಆನೆ ಬಂದು ಹಣೆಯಿಂದ ಗುದ್ದದಿರಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಸೊಲ್ಲಾಪುರದ ಕೋಟೆ ಕೈ ಬದಲಿಸಿದ್ದು ಆನೆಯಿಂದ ಮಾತ್ರವಲ್ಲ, ಬೀಗತನದಿಂದಲೂ ಹೌದು! ಸುಮಾರು 1524ರಲ್ಲಿ ವಿಜಾಪುರದ ಇಸ್ಮಾಯಿಲ್ ಆದಿಲಶಾಹನ ತಂಗಿಯನ್ನು ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಕೊಟ್ಟು ಮದುವೆಯಾಯಿತು. ಸೊಲ್ಲಾಪುರವನ್ನು ವರದಕ್ಷಿಣೆಯಾಗಿ ಕೊಡುವ ಮಾತಾಗಿತ್ತು ಎಂದು ಅಹಮದನಗರದವರು ಹೇಳಿದರು, ವಿಜಾಪುರದವರು ಕೊಡಲಿಲ್ಲ. ಬೀಗರ ನಡುವೆ ವರ್ಷಗಟ್ಟಲೆ ಯುದ್ಧ. ಮುಂದೆ ಚಾಂದಬೀಬಿಯನ್ನು ಒಂದನೆಯ ಅಲಿ ಆದಿಲಶಾಹನಿಗೆ ಕೊಟ್ಟಾಗ ಸೊಲ್ಲಾಪುರ ಅವಳ ಜೊತೆ ವಿಜಾಪುರಕ್ಕೆ ಬಂತು. 1668ರಲ್ಲಿ ಔರಂಗಜೇಬನ ಪಾಲಾಯಿತು. 1818ರ ಮೇ ತಿಂಗಳಲ್ಲಿ ಮನ್ರೋ ಸಾಹೇಬನ ತೋಪುಗಳ ಮುಂದೆ ಪೇಶವೆಯರ ಸೈನ್ಯ ಕೋಟೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ತೋಪಿನ ಗುಂಡಿಗೆ ಬಾಗಿಲ ಮುಳ್ಳು ಯಾವ ಲೆಕ್ಕ?

ಕೋಟೆಯ ಮಾತು ಹಾಗಿರಲಿ, ಸಾಮಾನ್ಯ ರೈತನ ಮನೆಗೆ ಬರೋಣ. ಅವನ ಮನೆಯ ಬಾಗಿಲು ಗಟ್ಟಿ, ಗೋಡೆ ಮಣ್ಣು. ಕಳ್ಳನೇನು ದಡ್ಡನೇ? ಅವನು ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಹಿತ್ತಲ ಗೋಡೆಗೆ ನೀರು ಹಾಕಿ ನೆನೆಸಿ, ಸದ್ದಾಗದಂತೆ ತೂತು ಕೊರೆದು ಒಳಗೆ ನುಗ್ಗುತ್ತಿದ್ದ. ಅದೇ 'ಕನ್ನ'. ಸಂಸ್ಕೃತದ ಮೃಚ್ಛಕಟಿಕ ನಾಟಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವ ಮುಂದೆ ಯಾವ ಆಕಾರದ ತೂತು ಚಂದ ಎಂದು ಯೋಚಿಸುತ್ತ ನಿಲ್ಲುತ್ತಾನೆ. ಇಲ್ಲವೆಂದರೆ ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಇಳಿಯುವುದು. ಇಂದಿಗೂ ಕನ್ನಡ ಪತ್ರಿಕೆಗಳು 'ಕೀಲಿ ಮುರಿದು ಮನೆಗೆ ಕನ್ನ' ಎಂದು ಬರೆಯುತ್ತವೆ. ಕೀಲಿ ಮುರಿದರೆ ಅದು ಕನ್ನ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ. ಮರಾಠಿಯಲ್ಲಿ 'ಘರಫೋಡಿ', ಅಂದರೆ ಮನೆ ಒಡೆಯುವುದು. ನಮ್ಮೂರ ತೆಲುಗು ಮಾತಾಡುವ ನೇಕಾರರ ಮಕ್ಕಳು 'ಕನ್ನಂ' ಎನ್ನುತ್ತಾರೆ. ಗೋಡೆ ಮಣ್ಣಿನದಾಗಿದ್ದ ಕಾಲವನ್ನು ಮೂರೂ ಭಾಷೆ ಮರೆತಿಲ್ಲ.

ಕಾಯಿದೆಯೂ ಮರೆತಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮು ಮನೆ ಒಡೆಯುವುದೆಂದರೆ ಏನೆಂದು ಹೇಳುತ್ತದೆ. ಅದಕ್ಕೆ ಕೊಟ್ಟ ಮೊದಲ ಉದಾಹರಣೆಯೇ ಗೋಡೆಗೆ ತೂತು ಕೊರೆದು ಕೈ ಒಳಗೆ ಹಾಕುವುದು. ಮುಂದೆ ಮತ್ತೊಂದು ಉದಾಹರಣೆಯಲ್ಲಿ, ಒಬ್ಬನು ಕಳೆದುಕೊಂಡ ಕೀಲಿಕೈ ಇನ್ನೊಬ್ಬನಿಗೆ ಸಿಕ್ಕು ಅದರಿಂದಲೇ ಬಾಗಿಲು ತೆರೆದು ಅತಿಕ್ರಮ ಮಾಡಿದರೂ ಅದು ಮನೆ ಒಡೆದಂತೆಯೇ ಎನ್ನುತ್ತದೆ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಮಣ್ಣಿನ ಗೋಡೆಯನ್ನು ನಂಬದ ರೈತ ತನ್ನ ಮುಖ್ಯ ಸಂಪತ್ತನ್ನು ನೆಲದೊಳಗೆ ಇಟ್ಟ. ಹಗೇವು ತೋಡಿ, ಒಳಗೆ ಕಣಿಕೆ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಳ್ಳನಿಗೆ, ಬೆಂಕಿಗೆ ಎರಡಕ್ಕೂ ಸಿಗದು. ಚೀಲಗಟ್ಟಲೆ ಜೋಳವನ್ನು ಸದ್ದಿಲ್ಲದೆ ಮೇಲೆತ್ತಿ ಒಯ್ಯುವುದು ಒಬ್ಬ ಕಳ್ಳನಿಂದ ಆಗುವ ಕೆಲಸವಲ್ಲ. ಜೊತೆಗೆ ಹಗೇವಿನೊಳಗಿನ ಕೆಟ್ಟ ಗಾಳಿ. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯಬೇಕು. ಕೀಲಿಯೇ ಇಲ್ಲದ ತಿಜೋರಿ ಅದು!

ಹಾಗಾದರೆ ಮನೆಮನೆಗೆ ಕೀಲಿ ಬಂದದ್ದು ಯಾವಾಗ? ನನಗೆ ತಿಳಿದ ಮಟ್ಟಿಗೆ, ಮನೆ ಹಗಲೆಲ್ಲ ಖಾಲಿ ಇರತೊಡಗಿದಾಗ. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. 1877ರಲ್ಲಿ ನಮ್ಮವರು ಜೂನಿ ಮಿಲ್ ಎನ್ನುವ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಮಿಲ್ ಶುರುವಾಯಿತು. ಹಳ್ಳಿಯಿಂದ ಬಂದವರಿಗೆ ಒಂದೊಂದು ಖೋಲಿಯ ಚಾಳು. ಭೋಂಗಾ ಕೂಗಿದರೆ ಗಂಡನೂ ಹೊರಟ, ಹೆಂಡತಿಯೂ ಹೊರಟಳು. ಪಡಸಾಲೆಯ ಅಜ್ಜ ಹಳ್ಳಿಯಲ್ಲೇ ಉಳಿದಿದ್ದ. ಒಳಗಿನಿಂದ ಹಾಕುವ ಅಗಳಿ ಇಲ್ಲಿ ಏನು ಉಪಯೋಗ? ಹೊರಗಿನಿಂದ ಹಾಕುವ ಕೀಲಿಯೇ ಬೇಕು.

ಅದೇ ಕಾಲಕ್ಕೆ ಕೀಲಿಯ ವಿದ್ಯೆಯೂ ಬದಲಾಗುತ್ತಿತ್ತು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಹೊಸ ರೀತಿಯ ಲಿವರ್ ಕೀಲಿ ಮಾಡಿದ. ಒಳಗಿನ ಲಿವರುಗಳನ್ನು ಕೀಲಿಕೈಯ ಹಲ್ಲುಗಳು ಇಷ್ಟೇ ಎತ್ತರಕ್ಕೆ ಎತ್ತಬೇಕು. ಹೆಚ್ಚಾದರೂ ತೆರೆಯದು, ಕಡಿಮೆಯಾದರೂ ತೆರೆಯದು. ಲಿವರ್ ಹೆಚ್ಚಾದಷ್ಟೂ ಕಳ್ಳಕೀಲಿಕೈಗೆ ಕಷ್ಟ. ನಮ್ಮೇ ಕೀಲಿ ಯಾರಿಂದಲೂ ತೆರೆಯಲಾಗದು ಎಂದು ಚಬ್, ಬ್ರಾಮಾ ಎಂಬ ಕಂಪನಿಗಳು ಬೀಗುತ್ತಿದ್ದವು. 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ಅಮೆರಿಕದ ಹಾಬ್ಸ್ ಎಂಬಾತ ಬಂದು ಎರಡನ್ನೂ ತೆರೆದು ತೋರಿಸಿದ. ಚಬ್ ಕೀಲಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬ್ರಾಮಾ ಕೀಲಿಗೆ ಹದಿನಾರು ದಿನಗಳಲ್ಲಿ ಐವತ್ತೊಂದು ತಾಸು ಬೇಕಾಯಿತು. ತೆರೆಯಲಾಗದ ಕೀಲಿ ಎಂಬುದಿಲ್ಲ, ಕಳ್ಳನ ಹೊತ್ತು ತಿನ್ನುವ ಕೀಲಿ ಇದೆ ಎಂದು ಜಗತ್ತು ಕಲಿತದ್ದು ಆಗ. ನಮ್ಮಲ್ಲಿ ವಕೀಲಿ ಓದಿದ್ದ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಕೀಲಿ ಮಾಡಲು ಕೂತರು. ಉತ್ತರದಲ್ಲಿ ಅಲಿಗಢ, ದಕ್ಷಿಣದಲ್ಲಿ ದಿಂಡಿಗಲ್ ಕೀಲಿಗೆ ಹೆಸರಾದವು. ದಿಂಡಿಗಲ್ ಕೀಲಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ, ನಮ್ಮ ಸೊಲ್ಲಾಪುರ ಚಾದರಿಗೆ ಸಿಕ್ಕಂತೆ.

ಇಲ್ಲಿಯವರೆಗೆ ಮನೆಗೆ ಹಾಕಿದ ಕೀಲಿಯ ಕತೆ. ಇನ್ನು ಮನುಷ್ಯರಿಗೆ ಹಾಕಿದ ಕೀಲಿಯ ಕತೆ.

ಸರಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿತು. ಮೊದಲು ಉತ್ತರ ಭಾರತಕ್ಕೆ, 1911ರ ಕಾಯಿದೆಯಿಂದ ನಮ್ಮ ಮುಂಬಯಿ ಪ್ರಾಂತಕ್ಕೂ. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟುತ್ತಲೇ ಕಳ್ಳರು ಎಂಬುದು ಅದರ ತಿರುಳು. ಕೈಕಾಡಿ, ಪಾರಧಿ, ಭಾಮಟಾ, ಕಂಜಾರಭಾಟ, ಮಾಂಗ ಗಾರುಡಿ ಹೀಗೆ ಪಟ್ಟಿ. ಇವರಲ್ಲಿ ಬುಟ್ಟಿ ಹೆಣೆಯುವವರಿದ್ದರು, ಬೇಟೆಯಾಡುವವರಿದ್ದರು. ಊರೂರು ಅಲೆದು ಬದುಕುವವರ ಕಸುಬುಗಳನ್ನು ರೈಲು, ಅರಣ್ಯದ ಕಾಯಿದೆಗಳು ಕಸಿದುಕೊಂಡಿದ್ದವು. ಅಲೆಯುವವನಿಗೆ ಮನೆ ಇಲ್ಲ, ಮನೆ ಇಲ್ಲದವನು ಕಳ್ಳನೇ ಇರಬೇಕು ಎಂದು ಸಾಹೇಬರು ತೀರ್ಮಾನಿಸಿದರು. ಅವರನ್ನು ಹಿಡಿದು ತಂದು ಇಡಲು ವಿಜಾಪುರ, ಹುಬ್ಬಳ್ಳಿ, ಗದಗ ಮುಂತಾದ ಕಡೆ ವಸತಿಗಳನ್ನು ಮಾಡಿದರು. ಸೊಲ್ಲಾಪುರದ್ದು ಅವುಗಳಲ್ಲಿ ಬಹಳ ದೊಡ್ಡದು. ಸುತ್ತ ಮುಳ್ಳುತಂತಿ. ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು ಬೇಕು. ಹಗಲು ಮಿಲ್ಲಿನಲ್ಲಿ ದುಡಿಮೆ, ರಾತ್ರಿ ತಂತಿಯೊಳಗೆ. ನಡತೆ ಒಳ್ಳೆಯದಿದ್ದವರನ್ನು ತಂತಿಯ ಹೊರಗೆ ವಾಸಕ್ಕೆ ಬಿಡುತ್ತಿದ್ದರು. ಅದು 'ಫ್ರೀ ಕಾಲೋನಿ'. ಇಂದಿಗೂ ಸೊಲ್ಲಾಪುರದ ಅಂಚೆ ವಿಳಾಸಗಳಲ್ಲಿ 'ಸೆಟ್ಲಮೆಂಟ್ ಫ್ರೀ ಕಾಲೋನಿ' ಎಂದು ಬರೆಯುತ್ತಾರೆ. ಆ 'ಫ್ರೀ' ಎಂಬ ಒಂದು ಅಕ್ಷರದ ಅರ್ಥ ಎಷ್ಟು ಜನರಿಗೆ ಗೊತ್ತು?

ಇದನ್ನು ಅಗಳಿಯ ಜೊತೆ ಇಟ್ಟು ನೋಡಿ. ಅಗಳಿ ಒಳಗಿರುವವನ ಕೈಯಲ್ಲಿ ಇರುತ್ತದೆ. ಸೆಟ್ಲಮೆಂಟಿನ ಕೀಲಿ ಹೊರಗಿನವರ ಕೈಯಲ್ಲಿ ಇತ್ತು. ಕಳ್ಳತನ ಮಾಡಿದವನಿಗೆ ಶಿಕ್ಷೆ ಕೊಡುವುದು ನ್ಯಾಯ. ಹಾಲು ಕುಡಿಯುವ ಕೂಸನ್ನೂ ತಂತಿಯೊಳಗೆ ಬೆಳೆಸುವುದಕ್ಕೆ ಏನೆನ್ನಬೇಕು? ಸ್ವಾತಂತ್ರ್ಯ ಬಂದ ದಿನವೂ ಇವರಿಗೆ ಬಿಡುಗಡೆ ಇರಲಿಲ್ಲ. 1952ರ ಆಗಸ್ಟ್ 31ರಂದು ದೇಶದ ಮಟ್ಟದಲ್ಲಿ ಆ ಕಾಯಿದೆ ರದ್ದಾಯಿತು. ಇಂದಿಗೂ ಆ ದಿನವನ್ನು ಅವರು ವಿಮುಕ್ತ ದಿನವೆಂದು ಆಚರಿಸುತ್ತಾರೆ. ತಂತಿ ಹೋಯಿತು. ಆದರೆ ನಮ್ಮ ಓಣಿಯ ಆ ಒಂದು ಮಾತು, "ಸೆಟ್ಲಮೆಂಟ ಕಡೀ ಮಂದೀದೇ ಕೆಲಸ" ಎಂಬುದು, ಆ ಕಾಯಿದೆಯ ತುಕ್ಕು ಹಿಡಿದ ಮೊಳೆಯೇ ತಾನೆ?

ಕೊನೆಗೆ ಗೋಡೆಯ ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ ಕಿಲ್ಲಾರಿ ಭೂಕಂಪವಾಯಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ಲಾತೂರು, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಸೊಲ್ಲಾಪುರವೂ ನಡುಗಿತ್ತು. ಕೊಂದದ್ದು ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮಾಳಿಗೆಯ ಮೇಲಿನ ಮಣ್ಣಿನ ಭಾರ. ಬಿಸಿಲಿನಿಂದ, ಕಳ್ಳರಿಂದ ಕಾಯಲಿ ಎಂದು ಕಟ್ಟಿದ ಗೋಡೆಯೇ ಗೋರಿಯಾಯಿತು. ಅಲ್ಲಿಂದೀಚೆಗೆ ನಮ್ಮ ಕಡೆ ಮಾಳಿಗೆ ಮನೆ ಕಟ್ಟುವವರು ಕಡಿಮೆ. ಇಟ್ಟಂಗಿ, ಸಿಮೆಂಟಿನ ಗೋಡೆ ಬಂತು. ಗೋಡೆಗೆ ಕನ್ನ ಹಾಕುವುದು ಕಷ್ಟವಾಯಿತು, ಕಳ್ಳ ಮತ್ತೆ ಬಾಗಿಲಿಗೆ ಬಂದ.

ಹೀಗಾಗಿ ಈಗ ಬಾಗಿಲಿನ ಚಿಂತೆ ಮಾಡಲೇಬೇಕು. ನಮ್ಮ ಓಣಿಯ ಆ ಮನೆಗೆ ಹೊಸ ಬಾಗಿಲು ಕೂಡಿಸಿದವನು ಯಾರು ಗೊತ್ತೇ? ಸೈಕಲ್ ತಿರುಗಿಸಿಕೊಂಡು ಹೋದ ನನ್ನ ವಿದ್ಯಾರ್ಥಿಯ ತಂದೆ. ಒಳ್ಳೆಯ ಬಡಿಗ, ವೆಲ್ಡಿಂಗ್ ಕೆಲಸವೂ ಬಲ್ಲ. ನಾನೇ ಕರೆದುಕೊಂಡು ಬಂದೆ. ಮನೆಯವರು ಮೊದಲು ಸ್ವಲ್ಪ ಹಿಂದೆ ಮುಂದೆ ನೋಡಿದರು, ಆಮೇಲೆ ಒಪ್ಪಿದರು. ಕೆಲಸ ಮಾಡುತ್ತಲೇ ಆತ ಹೇಳಿದ ಮಾತುಗಳನ್ನು ನಿಮಗೂ ಹೇಳುತ್ತೇನೆ.

"ಮೊದ್ಲ ಚೌಕಟ್ಟು ನೋಡ್ರಿ, ಆಮ್ಯಾಲ ಕುಲಪ. ಚೌಕಟ್ಟು ಗೋಡಿಗಿ ಕಚ್ಚಿರಬೇಕ್ರಿ. ಕೊಂಡಿಗಿ ಸಣ್ಣ ಸ್ಕ್ರೂ ಬ್ಯಾಡ, ಕದದಾಗ ಪಾರ ಹೋಗೂ ಬೋಲ್ಟ ಹಾಕಿ ಒಳಗ ನಟ್ಟ ಬಿಗೀರಿ. ಬಿಜಾಗರಿ ಹೊರಗ ಕಾಣಬಾರದು." ಹೊರಗೆ ಜೋತಾಡುವ ಕೀಲಿ ಮನೆಯಲ್ಲಿ ಯಾರೂ ಇಲ್ಲವೆಂದು ಇಡೀ ಓಣಿಗೆ ಡಂಗುರ ಸಾರುತ್ತದೆ, ಕದದ ಒಳಗೇ ಕೂಡುವ ಲಿವರ್ ಕೀಲಿ ಹಾಕಿದರೆ ಮನೆಯವರು ಒಳಗಿದ್ದಾರೋ ಹೊರಗಿದ್ದಾರೋ ತಿಳಿಯದು ಎಂದೂ ಹೇಳಿದ. ರಾತ್ರಿ ಒಳಗಿನಿಂದ ಹಾಕಲು ಒಂದು ಕಬ್ಬಿಣದ ಅಗಳಿಯನ್ನೂ ಮಾಡಿಕೊಟ್ಟ.

ಇನ್ನೊಂದು ಮಾತು ಹೇಳಿದ, ಅದು ಮುಖ್ಯ. ಮನೆಯವರು ಎಲ್ಲ ಕಿಟಕಿಗೂ ಗ್ರಿಲ್ ಜಡಿದುಬಿಡು ಎಂದರು. ಆತ ಒಪ್ಪಲಿಲ್ಲ. "ಒಂದ ಕಿಟಕೀ ಗ್ರಿಲ್ಲರ ಒಳಗಿಂದ ತೆಗಿಯೂ ಹಂಗ ಇರಲ್ರಿ ಅಕ್ಕಾರ. ಬೆಂಕಿ ಬಿದ್ರ ಎಲ್ಲಿಂದ ಹೊರಗ ಬರ್ತೀರಿ?" 2025ರ ಮೇ 18ರಂದು ನಮ್ಮ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಕಾರಖಾನೆಗೆ ಬೆಂಕಿ ಬಿದ್ದು ಒಳಗಿದ್ದ ಎಂಟು ಜನ ಸತ್ತದ್ದು ನಮಗೆಲ್ಲ ನೆನಪಿದೆ. ಮನೆಯವರು ಮತ್ತೆ ಮಾತಾಡಲಿಲ್ಲ. ಕಳ್ಳ ಒಳಗೆ ಬರದಂತೆ ಮಾಡುವ ಬಾಗಿಲು ನಾವು ಹೊರಗೆ ಬರದಂತೆ ಮಾಡಬಾರದು.

ಅಹಿಲ್ಯಾನಗರ ಜಿಲ್ಲೆಯ ಶನಿ ಶಿಂಗಣಾಪುರದಲ್ಲಿ ಮನೆಗಳಿಗೆ ಬಾಗಿಲೇ ಇಲ್ಲವೆಂದು ಎಲ್ಲರೂ ಹೇಳುತ್ತಾರೆ. 2011ರಲ್ಲಿ ಅಲ್ಲಿ ಒಂದು ಬ್ಯಾಂಕು ಕೀಲಿ ಇಲ್ಲದ ಶಾಖೆಯನ್ನೂ ತೆರೆಯಿತು. ಅದಕ್ಕೆ ಒಂದು ವರ್ಷ ಮೊದಲೇ ಅಲ್ಲಿಂದ ಕಳವಿನ ದೂರೂ ಬಂದಿತ್ತು. ನಮ್ಮ ಓಣಿಯಲ್ಲಿ ಬಾಗಿಲಿಲ್ಲದೆ ಇರಲಾಗದು, ಕೀಲಿ ಇರಲಿ. ಆದರೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ "ಸ್ವಲ್ಪ ನೋಡ್ತಿರ್ರಿ" ಎಂದು ಹೇಳಿ ಹೋಗುವ ರೂಢಿಯೂ ಇರಲಿ. ಹಳೆಯ ಅಗಸಿಯ ಕಾಲದಿಂದ ಉಳಿದು ಬಂದ ಕಾವಲು ಅದೊಂದೇ.

ಕಳವು ಮಾಡಿದವರು ಇನ್ನೂ ಸಿಕ್ಕಿಲ್ಲ. ಯಾರೆಂದು ನನಗೂ ಗೊತ್ತಿಲ್ಲ, ಅಂದು ಬೆರಳು ಮಾಡಿದವರಿಗೂ ಗೊತ್ತಿಲ್ಲ. ಹೊಸ ಬಾಗಿಲು ಕೂತ ದಿನ ಮನೆಯವರು ಎರಡು ಕೀಲಿಕೈಗಳನ್ನು ಎಣಿಸಿ ತೆಗೆದುಕೊಂಡರು. ಬಡಿಗ ತಾನಾಗಿಯೇ ಜೇಬಿನಿಂದ ಮೂರನೆಯದನ್ನೂ ತೆಗೆದು ಅವರ ಕೈಯಲ್ಲಿಟ್ಟು, "ಡಬ್ಬಿಯಾಗ ಮೂರ ಇರ್ತಾವ್ರಿ ಅಕ್ಕಾರ, ಎಣಿಸಿ ಇಟ್ಕೋರಿ" ಎಂದ. ಅಂದು ಗುಂಪಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದಕ್ಕೆ ನನಗೆ ನಾಚಿಕೆಯಾಯಿತು. ಮರುದಿನ ಆ ಹುಡುಗನನ್ನು ಕರೆದು ಅದನ್ನು ಹೇಳಿದೆ. "ಇರ್ಲಿ ಬಿಡ್ರಿ ಸರ" ಎಂದ. ಮುಂದಿನ ಆಗಸ್ಟ್ 31ಕ್ಕೆ ನಮ್ಮ ಶಾಲೆಯಲ್ಲಿ ಸೆಟ್ಲಮೆಂಟಿನ ಇತಿಹಾಸ ಹೇಳಲು ಅವನನ್ನೇ ಕರೆಯಬೇಕೆಂದಿದ್ದೇನೆ.